ಮೀನಿನ ತೊಟ್ಟಿಯ ಕರಿಹರಳು

ಮನೆಯ ಅಕ್ವೇರಿಯಂನಲ್ಲಿ ಸಕ್ರಿಯ ಇಂಗಾಲಕ್ಕೆ, ಅಂದರೆ ಅಂಗಡಿಯವರು ಆಕ್ಟಿವೇಟೆಡ್ ಕಾರ್ಬನ್ ಎಂದು ಕೊಡುವ ಕರಿಹರಳಿಗೆ, ಇರುವ ಕೆಲಸ ಬಹಳ ನಿರ್ದಿಷ್ಟವಾದದ್ದು. ನೀರಿನಲ್ಲಿ ಕರಗಿಹೋಗಿರುವ ಸಾವಯವ ವಸ್ತುಗಳನ್ನು, ಅವುಗಳ ಜೊತೆಗೆ ಬರುವ ಬಣ್ಣ ಮತ್ತು ವಾಸನೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತೇಲಾಡುವ ಕಸ ಸ್ಪಂಜಿನ ಪಾಲು. ಮೀನಿನ ಮೈಯಿಂದ ಹೊರಬರುವ ಅಮೋನಿಯ ಬ್ಯಾಕ್ಟೀರಿಯಾಗಳ ಪಾಲು. ಸೋಸಿದರೂ ಹೋಗದ, ಬ್ಯಾಕ್ಟೀರಿಯಾಗಳೂ ಬೇಗ ಅರಗಿಸಿಕೊಳ್ಳಲಾರದ ಪದಾರ್ಥಗಳು ಉಳಿಯುತ್ತವಲ್ಲ, ಅವುಗಳಿಗಾಗಿ ಇಂಗಾಲ. ಹೊಸದಾಗಿ ಮೀನು ಸಾಕುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಾಗುವುದು ತಡವಾಗಿ. ಫಿಲ್ಟರ್ ಜೊತೆಗೆ ಬಂದ ಪೊಟ್ಟಣವನ್ನು ಅದರೊಳಗೆ ಇಟ್ಟು, ಇನ್ನು ನೀರು ತಾನಾಗಿಯೇ ಶುದ್ಧವಾಗುತ್ತದೆ ಎಂದು ನಂಬಿ ಕೂರುವುದೇ ರೂಢಿ.

ಕರಟದಿಂದ ಹರಳಿಗೆ

ಸಕ್ರಿಯ ಇಂಗಾಲವನ್ನು ಕಲ್ಲಿದ್ದಲು, ಲಿಗ್ನೈಟ್, ಮರ, ತೆಂಗಿನ ಕರಟ ಹೀಗೆ ಹಲವು ವಸ್ತುಗಳಿಂದ ತಯಾರಿಸುತ್ತಾರೆ. ಭಾರತದಲ್ಲಿ ಸುಲಭವಾಗಿ ಸಿಗುವುದು ಕರಟದ್ದು. ತೆಂಗು ಬೆಳೆಯುವ ಕರ್ನಾಟಕಕ್ಕೆ ಇದು ದೂರದ ವಸ್ತುವೇನಲ್ಲ. ತುಮಕೂರು ಜಿಲ್ಲೆಯ ತಿಪಟೂರು ಉಂಡೆ ಕೊಬ್ಬರಿಗೆ ಹೆಸರಾದ ಮಾರುಕಟ್ಟೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಸುಲಿದು, ಒಡೆದು ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟ ಗಟ್ಟಿಯಾದದ್ದು, ಚೆನ್ನಾಗಿ ಒಣಗಿದ್ದು, ಸುಟ್ಟರೆ ಬೂದಿ ಕಡಿಮೆ. ಹೆಚ್ಚು ಗಾಳಿ ತಾಗದಂತೆ ಗುಂಡಿಯಲ್ಲೋ ಡ್ರಮ್ಮಿನಲ್ಲೋ ಸುಟ್ಟರೆ ಸುಮಾರು ಮೂರು ಟನ್ ಕರಟಕ್ಕೆ ಒಂದು ಟನ್ ಇದ್ದಿಲು ಸಿಗುತ್ತದೆ. ಕರಟ ಸುಡುವ ಘಟಕಗಳ ಹೊಗೆ ಸುತ್ತಲಿನ ಊರುಗಳ ತಕರಾರಿಗೂ ಕಾರಣವಾಗಿದೆ. ನೀರು ಶುದ್ಧ ಮಾಡುವ ವಸ್ತುವಿನ ಹುಟ್ಟು ಅಷ್ಟೇನೂ ಶುದ್ಧವಾದದ್ದಲ್ಲ.

ಈ ಹಂತದ ಇದ್ದಿಲು ಇನ್ನೂ ಸಕ್ರಿಯವಾಗಿರುವುದಿಲ್ಲ. ಅದರ ಒಳಗಿನ ಸಂದುಗೊಂದುಗಳಲ್ಲಿ ಟಾರಿನಂಥ ಪದಾರ್ಥ ಕಟ್ಟಿಕೊಂಡಿರುತ್ತದೆ. ಕಾರ್ಖಾನೆಯಲ್ಲಿ ಅದನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟು ಹಬೆ ಹಾಯಿಸುತ್ತಾರೆ. ಆ ಬಿಸಿಯಲ್ಲಿ ಹಬೆ ಇಂಗಾಲದೊಂದಿಗೆ ವರ್ತಿಸಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳಾಗಿ ಹೊರಬೀಳುತ್ತದೆ. ಇಂಗಾಲ ಕಳೆದುಹೋದ ಕಡೆಯಲ್ಲೆಲ್ಲ ರಂಧ್ರ ಉಳಿಯುತ್ತದೆ. ಇದ್ದಿಲಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಹೀಗೆ ಗಾಳಿಗೆ ಹೋಗುವುದುಂಟು. ಮರದಂಥ ಕಚ್ಚಾವಸ್ತುವನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಇದಕ್ಕಿಂತ ಕಡಿಮೆ ಶಾಖದಲ್ಲಿ ಸಕ್ರಿಯಗೊಳಿಸುವ ಕ್ರಮವೂ ಇದೆ.

ಹೀಗೆ ತಯಾರಾದ ಇಂಗಾಲದ ಒಂದು ಗ್ರಾಮಿನೊಳಗೆ ಸಾಮಾನ್ಯವಾಗಿ 500ರಿಂದ 1500 ಚದರ ಮೀಟರ್ ಮೇಲ್ಮೈ ಇರುತ್ತದೆ. ಸಾವಿರ ಚದರ ಮೀಟರ್ ಎಂದರೆ ಹೆಚ್ಚುಕಡಿಮೆ ಹತ್ತು ಗುಂಟೆ. ಒಂದು ಚಿಟಿಕೆ ಹರಳಿನ ಒಳಗೆ ಒಂದು ಸಣ್ಣ ಹೊಲವೇ ಮಡಿಚಿ ಕೂತಿದೆ. ಇಸ್ತ್ರಿ ಪೆಟ್ಟಿಗೆಗೆ ಹಾಕುವ ಇದ್ದಿಲನ್ನು ಕುಟ್ಟಿ ಫಿಲ್ಟರಿಗೆ ತುಂಬಿದರೆ ಇದೇ ಫಲ ಸಿಗದಿರುವುದಕ್ಕೆ ಕಾರಣವೂ ಇದೇ: ಅದರಲ್ಲಿ ಇಷ್ಟು ರಂಧ್ರಗಳಿಲ್ಲ, ಬೂದಿ ಮಾತ್ರ ಧಾರಾಳವಾಗಿದೆ.

ರಂಧ್ರಗಳಲ್ಲೂ ದೊಡ್ಡದು ಚಿಕ್ಕದು ಇವೆ. ಎರಡು ನ್ಯಾನೊಮೀಟರಿಗಿಂತ ಕಿರಿದಾದವು ಸೂಕ್ಷ್ಮರಂಧ್ರಗಳು, 2ರಿಂದ 50 ನ್ಯಾನೊಮೀಟರಿನವು ಮಧ್ಯಮ ಗಾತ್ರದವು, ಅದಕ್ಕೂ ಹಿರಿದಾದವು ಒಳಗೆ ಹೋಗುವ ದಾರಿಗಳಾಗಿ ಮಾತ್ರ ಕೆಲಸಕ್ಕೆ ಬರುತ್ತವೆ. ಕರಟದ ಇಂಗಾಲದಲ್ಲಿ ಸೂಕ್ಷ್ಮರಂಧ್ರಗಳೇ ಬಹುಪಾಲು. ಲಿಗ್ನೈಟಿನದರಲ್ಲಿ ಮಧ್ಯಮ ಗಾತ್ರದವು ಹೆಚ್ಚು. ಕಲ್ಲಿದ್ದಲಿನದು ಇವೆರಡರ ನಡುವೆ. ಸಣ್ಣ ಅಣುಗಳನ್ನು, ಕ್ಲೋರಿನ್ನನ್ನು, ಕುಡಿಯುವ ನೀರಿನ ವಾಸನೆಯನ್ನು ತೆಗೆಯಲು ಕರಟದ ಇಂಗಾಲ ಬಹಳ ಒಳ್ಳೆಯದು; ಮನೆಯ ಆರ್‌ಒ ಯಂತ್ರದ ಒಳಗೂ ಅದೇ ಇರುವುದು ಹೆಚ್ಚು. ಆದರೆ ಹಳೆಯ ಮೀನಿನ ತೊಟ್ಟಿಯ ನೀರನ್ನು ಹಳದಿ ಮಾಡುವ ಹ್ಯೂಮಿಕ್ ಪದಾರ್ಥಗಳ ಅಣುಗಳು ದೊಡ್ಡವು. ಸೂಕ್ಷ್ಮರಂಧ್ರದ ಬಾಯಲ್ಲಿ ಅವು ತೂರುವುದಿಲ್ಲ. ಬಣ್ಣ ತೆಗೆಯುವುದೇ ಮುಖ್ಯ ಉದ್ದೇಶವಾದರೆ ಕಲ್ಲಿದ್ದಲು ಅಥವಾ ಲಿಗ್ನೈಟಿನ ಇಂಗಾಲ ಮೇಲು. ಇಲ್ಲಿಯ ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ಈ ವಿವರ ಸಿಗುವುದೇ ಅಪರೂಪ.

ಇದ್ದಿಲು ದ್ರಾವಣದ ಬಣ್ಣ ಕಳೆಯುತ್ತದೆ ಎಂಬುದನ್ನು 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಔಷಧಿ ತಯಾರಿಸುತ್ತಿದ್ದ ಟೋಬಿಯಾಸ್ ಲೋವಿಟ್ಸ್ ಗುರುತಿಸಿದ. ಮುಂದಿನ ಶತಮಾನದಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಹಾಲಿನ ಕಂದುಬಣ್ಣ ತೆಗೆಯಲು ಮೂಳೆಯ ಇದ್ದಿಲನ್ನು ಬಳಸಿದವು. ಇಂಗಾಲವನ್ನು ಕಾರ್ಖಾನೆಯಲ್ಲಿ ಸಕ್ರಿಯಗೊಳಿಸುವ ವಿಧಾನಕ್ಕೆ ರಫಾಯೆಲ್ ಫಾನ್ ಓಸ್ಟ್ರೈಕೊ ಪೇಟೆಂಟ್ ಪಡೆದದ್ದು 1900ರ ಆಸುಪಾಸಿನಲ್ಲಿ. ಮೊದಲ ಮಹಾಯುದ್ಧದ ವಿಷಾನಿಲಗಳಿಂದ ಪಾರಾಗಲು ಮುಖವಾಡಗಳಿಗೆ ಇದನ್ನು ತುಂಬಿದ ಮೇಲೆ ಉತ್ಪಾದನೆ ಒಮ್ಮೆಲೇ ಬೆಳೆಯಿತು. ಅಮೆರಿಕದಲ್ಲಿ ಆಗ ತೆಂಗಿನ ಕರಟಕ್ಕೂ ಪೀಚ್ ಹಣ್ಣಿನ ಓಟೆಗೂ ಯುದ್ಧಸಾಮಗ್ರಿಯ ಬೆಲೆ ಬಂದಿತ್ತು. ಮೀನಿನ ತೊಟ್ಟಿಗೆ ಇಂಗಾಲ ಬಂದದ್ದು ಇವೆಲ್ಲ ಆದ ಮೇಲೆ, ಹರಳು ಅಗ್ಗವಾದಾಗ.

ಏನು ಅಂಟುತ್ತದೆ, ಏನು ಅಂಟುವುದಿಲ್ಲ

ನೀರು ಹರಳುಗಳ ನಡುವೆ ಹರಿಯುವಾಗ ಅದರಲ್ಲಿ ಕರಗಿದ ವಸ್ತು ರಂಧ್ರದೊಳಗೆ ಇಳಿದು ಗೋಡೆಗೆ ಅಂಟಿಕೊಳ್ಳುತ್ತದೆ. ವಿಜ್ಞಾನದ ಪುಸ್ತಕಗಳು ಅಧಿಶೋಷಣೆ ಎಂದು ಕರೆಯುವ ಕ್ರಿಯೆ ಇದು. ಅಂಟಿಸುವುದು ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಬಲ. ಈ ಬಲ ದುರ್ಬಲವಾದದ್ದು. ಆದರೆ ಇಕ್ಕಟ್ಟಾದ ರಂಧ್ರದಲ್ಲಿ ನಾಲ್ಕೂ ಕಡೆಯಿಂದ ಎಳೆಯುವುದರಿಂದ ಹಿಡಿತ ಬಿಗಿಯಾಗುತ್ತದೆ. ನೀರಿನೊಂದಿಗೆ ಅಷ್ಟಾಗಿ ಹೊಂದಿಕೊಳ್ಳದ, ಬೆಂಜೀನ್ ಉಂಗುರಗಳಿರುವ ಸಾವಯವ ಅಣುಗಳು ಚೆನ್ನಾಗಿ ಅಂಟುತ್ತವೆ. ಫೀನಾಲುಗಳು, ಟ್ಯಾನಿನ್, ಬಣ್ಣಗಳು, ಅನೇಕ ಕೀಟನಾಶಕಗಳು ಈ ಜಾತಿಯವು. ನೀರಿನಲ್ಲಿ ವಿದ್ಯುದಂಶ ಹೊತ್ತು ಸುಖವಾಗಿ ಕರಗಿರುವ ಸಣ್ಣ ಅಯಾನುಗಳಿಗೆ ಗೋಡೆಯ ಸೆಳೆತವೇ ಇಲ್ಲ. ಉಪ್ಪು, ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ನೈಟ್ರೇಟ್, ಅಮೋನಿಯ ಇವೆಲ್ಲ ಇಂಗಾಲದ ಪಕ್ಕದಲ್ಲೇ ಹಾದು ಮತ್ತೆ ತೊಟ್ಟಿಗೆ ಬರುತ್ತವೆ. ಬೋರ್‌ವೆಲ್‌ನ ಗಡಸು ನೀರು ಇಂಗಾಲದಿಂದ ಮೆದುವಾಗುತ್ತದೆ ಎಂದುಕೊಂಡರೆ ಅದು ತಪ್ಪು.

ತೊಟ್ಟಿಯ ನೀರು ಹಳದಿಯಾಗುವುದು ನಿಧಾನವಾಗಿ, ದಿನವೂ ನೋಡುವವರ ಕಣ್ಣಿಗೆ ಬೀಳದಷ್ಟು ನಿಧಾನವಾಗಿ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಮೀನಿನ ಲೋಳೆ ಮತ್ತು ಮಲ ಒಡೆದು ಬಗೆಬಗೆಯ ಸಾವಯವ ಅಂಶಗಳಾಗುತ್ತವೆ. ಇವುಗಳಲ್ಲಿ ಸುಲಭವಾದವನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಜಿಗುಟಾದವು ಉಳಿದು ಕೂಡುತ್ತಾ ಹೋಗುತ್ತವೆ. ಅಲಂಕಾರಕ್ಕೆಂದು ಇಟ್ಟ ಮರದ ಬೇರು ತಿಂಗಳುಗಟ್ಟಲೆ ಟ್ಯಾನಿನ್ ಬಿಡುತ್ತದೆ. ಬಣ್ಣ ಬಂದಿದೆಯೋ ಇಲ್ಲವೋ ತಿಳಿಯಲು ಬಿಳಿ ಬಕೆಟ್ಟಿನಲ್ಲಿ ತೊಟ್ಟಿಯ ನೀರನ್ನೂ ಇನ್ನೊಂದರಲ್ಲಿ ನಲ್ಲಿ ನೀರನ್ನೂ ತುಂಬಿ ಪಕ್ಕಪಕ್ಕ ಇಟ್ಟರೆ ಸಾಕು. ಲೋಟದಲ್ಲಿ ಕಾಣದ ಹಳದಿ ಬಕೆಟ್ಟಿನ ಆಳದಲ್ಲಿ ಎದ್ದು ಕಾಣುತ್ತದೆ. ಇಂಥ ನೀರಿಗೆ ಹೊಸ ಇಂಗಾಲ ಹಾಕಿದರೆ ಒಂದೆರಡು ದಿನಗಳಲ್ಲೇ ವ್ಯತ್ಯಾಸ ತಿಳಿಯುತ್ತದೆ. ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಫಲ ಕಾಣಿಸುವ ಇನ್ನೊಂದು ಸಾಮಗ್ರಿ ಅಕ್ವೇರಿಯಂನಲ್ಲಿ ಇಲ್ಲ. ಅದರ ಬಗೆಗಿನ ಅತಿನಂಬಿಕೆಗೂ ಇದೇ ಬೀಜ.

ಕ್ಲೋರಿನ್ ವಿಚಾರ ಸ್ವಲ್ಪ ಬೇರೆ. ಪುರಸಭೆ, ಜಲಮಂಡಳಿಗಳು ನೀರಿಗೆ ಸೇರಿಸುವ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಇಂಗಾಲದ ಮೇಲೆ ಅದು ಅಂಟಿ ಉಳಿಯುವುದಿಲ್ಲ. ಅಲ್ಲಿಯೇ ರಾಸಾಯನಿಕವಾಗಿ ವರ್ತಿಸಿ ನಿರಪಾಯಕಾರಿ ಕ್ಲೋರೈಡ್ ಆಗುತ್ತದೆ. ಕ್ರಿಯೆ ವೇಗವಾದದ್ದು. ಹಾಗೆಂದು ನಲ್ಲಿ ನೀರನ್ನು ನೇರವಾಗಿ ತೊಟ್ಟಿಗೆ ಸುರಿದು ಫಿಲ್ಟರ್ ನೋಡಿಕೊಳ್ಳಲಿ ಎಂದು ಬಿಡುವಂತಿಲ್ಲ, ಏಕೆಂದರೆ ಎಲ್ಲ ನೀರೂ ಫಿಲ್ಟರ್ ಮೂಲಕ ಹಾಯುವ ಮೊದಲೇ ಮೀನು ಅದನ್ನು ಉಸಿರಾಡಿರುತ್ತದೆ. ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡುವುದು, ಅಥವಾ ಸೋಡಿಯಂ ಥಯೋಸಲ್ಫೇಟ್ ಇರುವ ಆ್ಯಂಟಿ ಕ್ಲೋರಿನ್ ಹನಿ ಹಾಕುವುದು ಸರಿಯಾದ ದಾರಿ. ಕ್ಲೋರಿನ್ ಬದಲು ಕ್ಲೋರಮಿನ್ ಬಳಸುವ ವಿದೇಶಿ ನಗರಗಳಲ್ಲಿರುವವರಿಗೆ ಇನ್ನೊಂದು ತೊಡಕು. ಕ್ಲೋರಮಿನ್ ತೆರೆದಿಟ್ಟರೆ ಸುಲಭಕ್ಕೆ ಹಾರುವುದಿಲ್ಲ, ಇಂಗಾಲ ಅದನ್ನು ಒಡೆಯುವುದೂ ನಿಧಾನ, ಒಡೆದಾಗ ಅಮೋನಿಯ ನೀರಿಗೆ ಬಿಡುಗಡೆಯಾಗುತ್ತದೆ.

ತಿಳಿಯಾದ ನೀರಿನ ಅಪಾಯ

ಮೀನು ಸಾಕುವವರು ಮೊದಲು ಕಲಿಯಬೇಕಾದದ್ದು ಅಮೋನಿಯದ ಲೆಕ್ಕ. ಮೀನಿನ ಕಿವಿರುಗಳಿಂದಲೂ ಕೊಳೆಯುವ ಆಹಾರದಿಂದಲೂ ಅಮೋನಿಯ ನಿರಂತರ ಬರುತ್ತಿರುತ್ತದೆ. ನೈಟ್ರೊಸೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟನ್ನು ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಈ ಎರಡನೆಯ ಗುಂಪು ನೈಟ್ರೊಬ್ಯಾಕ್ಟರ್ ಎಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ನೈಟ್ರೊಸ್ಪೈರಾ ಎಂದು 1990ರ ದಶಕದ ಕೊನೆಯ ಸಂಶೋಧನೆಗಳು ತೋರಿಸಿದವು. ಅಮೋನಿಯ ಮತ್ತು ನೈಟ್ರೈಟ್ ಮೀನಿಗೆ ವಿಷ. ನೈಟ್ರೇಟ್ ಅಷ್ಟಿಲ್ಲ, ಆದರೆ ಕೂಡುತ್ತಾ ಹೋದರೆ ಅದೂ ಒಳ್ಳೆಯದಲ್ಲ.

ಈ ಮೂರಕ್ಕೂ ಬಣ್ಣವಿಲ್ಲ. ಇಂಗಾಲ ಈ ಮೂರನ್ನೂ ತೆಗೆಯುವುದಿಲ್ಲ. ಹಾಗಾಗಿ ಹೊಸ ತೊಟ್ಟಿಯೊಂದರಲ್ಲಿ, ಇನ್ನೂ ಬ್ಯಾಕ್ಟೀರಿಯಾ ಬೆಳೆಯದ ಮೊದಲ ವಾರಗಳಲ್ಲಿ, ಇಂಗಾಲದಿಂದ ನೀರು ಗಾಜಿನಷ್ಟು ತಿಳಿಯಾಗಿ ಕಾಣುತ್ತಿರುವಾಗಲೇ ಗೋಲ್ಡ್‌ಫಿಶ್‌ಗಳು ಒಂದೊಂದಾಗಿ ಸಾಯುತ್ತವೆ. ಮನೆಯವರಿಗೆ ಅರ್ಥವೇ ಆಗುವುದಿಲ್ಲ: ನೀರು ಇಷ್ಟು ಚೆನ್ನಾಗಿದೆಯಲ್ಲ? ಹಳೆಯ ತೊಟ್ಟಿಗಳಲ್ಲಿ ತೊಂದರೆ ಬೇರೆ ಬಗೆಯದು. ಬಣ್ಣವಿಲ್ಲದ್ದರಿಂದ ನೀರು ಬದಲಿಸುವುದನ್ನು ಮುಂದೂಡುತ್ತಾರೆ, ನೈಟ್ರೇಟ್ ಏರುತ್ತಲೇ ಹೋಗುತ್ತದೆ. ಹಳದಿಯಾದ ನೀರು ಕನಿಷ್ಠಪಕ್ಷ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಇಂಗಾಲ ಆ ಎಚ್ಚರಿಕೆಯನ್ನು ಅಳಿಸುತ್ತದೆ. ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗದಷ್ಟು ನೀರು ಬದಲಿಸುವ ಮನೆಯಲ್ಲಿ, ತೊಟ್ಟಿಯಲ್ಲಿ ಮೀನು ಕಿಕ್ಕಿರಿದಿಲ್ಲದಿದ್ದರೆ, ಇಂಗಾಲವಿಲ್ಲದೆಯೂ ಎಲ್ಲ ಸುಸೂತ್ರವಾಗಿ ನಡೆಯುತ್ತದೆ. ನೀರು ಬದಲಿಸದ ಮನೆಯಲ್ಲಿ ಎಷ್ಟು ಇಂಗಾಲ ಹಾಕಿದರೂ ನಡೆಯುವುದಿಲ್ಲ.

ಅಂಗಡಿಗಳಲ್ಲಿ ಕರಿಹರಳಿನ ಜೊತೆ ಬೆಳ್ಳನೆಯ ಚೂರುಗಳನ್ನು ಬೆರೆಸಿದ ಪೊಟ್ಟಣಗಳೂ ಸಿಗುತ್ತವೆ. ಬಿಳಿಯದು ಝಿಯೊಲೈಟ್ ಎಂಬ ಖನಿಜ. ಸಿಹಿನೀರಿನಲ್ಲಿ ಅದು ಅಮೋನಿಯವನ್ನು ಹಿಡಿಯುವುದು ನಿಜ. ಆದರೆ ಅದರ ಹಿಡಿತ ಅಯಾನು ವಿನಿಮಯದ್ದು: ನೀರಿಗೆ ಉಪ್ಪು ಬಿದ್ದರೆ ಸೋಡಿಯಂ ಅನ್ನು ಒಳಗೆ ತೆಗೆದುಕೊಂಡು ಅಮೋನಿಯವನ್ನು ಹೊರಗೆ ಬಿಡುತ್ತದೆ. ಮೀನಿಗೆ ಹುಷಾರಿಲ್ಲದಾಗ ಒಂದು ಹಿಡಿ ಕಲ್ಲುಪ್ಪು ಹಾಕುವ ಅಭ್ಯಾಸ ಎಲ್ಲ ಕಡೆಯೂ ಇದೆ. ಝಿಯೊಲೈಟ್ ಇರುವ ತೊಟ್ಟಿಯಲ್ಲಿ ಇದರಿಂದ ಕಾಯಿಲೆಯ ಮೀನಿಗೆ ಅಮೋನಿಯದ ಹೊಡೆತವೂ ಸೇರುತ್ತದೆ. ಇಂಗಾಲಕ್ಕೆ ಉಪ್ಪಿನಿಂದ ಇಂಥ ಬಾಧೆ ಇಲ್ಲ.

ಬಳಸುವ ಬಗೆ

ಹೊಸ ಇಂಗಾಲವನ್ನು ಮೊದಲು ಚೆನ್ನಾಗಿ ತೊಳೆಯಬೇಕು. ಸಾಗಣೆಯಲ್ಲಿ ಹರಳು ಹರಳಿಗೆ ಉಜ್ಜಿ ನುಣುಪಾದ ಕರಿಪುಡಿ ಆಗಿರುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಆಮೇಲೆ ಕೆಲವು ಗಂಟೆ ನೆನೆಹಾಕಿದರೆ ರಂಧ್ರಗಳಲ್ಲಿದ್ದ ಗಾಳಿ ಹೊರಬಿದ್ದು ಹರಳು ಮುಳುಗುತ್ತದೆ. ಇಲ್ಲದಿದ್ದರೆ ತೇಲುವ ಹರಳುಗಳ ನಡುವೆ ನೀರು ದಾರಿ ಮಾಡಿಕೊಂಡು ಇಂಗಾಲವನ್ನು ತಾಗದೆಯೇ ಹೋಗುತ್ತದೆ.

ಇಡುವ ಜಾಗದಲ್ಲಿ ಗಮನಿಸಬೇಕಾದದ್ದು ಎರಡೇ ಸಂಗತಿ. ನೀರು ಇಂಗಾಲದ ಮೂಲಕ ಹಾಯಬೇಕು, ಸುತ್ತ ಬಳಸಿ ಹೋಗಬಾರದು. ಜೊತೆಗೆ ಅದಕ್ಕೆ ಮುಂಚೆ ಸ್ಪಂಜಿನಲ್ಲಿ ಕಸ ಸೋಸಿರಬೇಕು. ಕಸದ ಪದರ ಕಟ್ಟಿದ ಹರಳಿನ ರಂಧ್ರಗಳು ಒಳಗೆ ಖಾಲಿಯಿದ್ದರೂ ಬಾಗಿಲು ಮುಚ್ಚಿದಂತೆಯೇ. ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಮೊದಲು ಸ್ಪಂಜು, ನಂತರ ಬ್ಯಾಕ್ಟೀರಿಯಾ ನೆಲೆಸುವ ಸೆರಾಮಿಕ್ ಉಂಗುರಗಳು, ಕೊನೆಗೆ ಜಾಲರಿ ಚೀಲದಲ್ಲಿ ಇಂಗಾಲ ಎಂಬುದು ರೂಢಿಯ ಕ್ರಮ. ತೊಟ್ಟಿಯ ಗಾಜಿಗೆ ಅಂಟಿಸುವ ಅಗ್ಗದ ಫಿಲ್ಟರುಗಳಲ್ಲಿ ಜಾಗವೇ ಕಡಿಮೆ. ಅಲ್ಲಿ ಸ್ಪಂಜು ತೆಗೆದು ಇಂಗಾಲ ಇಡುವುದಕ್ಕಿಂತ ಇಂಗಾಲವನ್ನೇ ಬಿಟ್ಟುಬಿಡುವುದು ಜಾಣತನ. ಪೊಟ್ಟಣವನ್ನು ತೊಟ್ಟಿಯ ಮೂಲೆಯಲ್ಲಿ ಸುಮ್ಮನೆ ನೇತುಹಾಕಿದರೆ ಏನೋ ಸ್ವಲ್ಪ ಕೆಲಸ ನಡೆದೀತು, ಅಷ್ಟೇ.

ಪ್ರಮಾಣಕ್ಕೆ ಒಂದೇ ನಿಯಮವಿಲ್ಲ. ನೂರು ಲೀಟರಿಗೆ 50ರಿಂದ 100 ಗ್ರಾಂ ಎಂಬುದು ಸಾಮಾನ್ಯ ಅಂದಾಜು. ಇಲ್ಲಿಯ ಮನೆಗಳಲ್ಲಿ ಹೆಚ್ಚು ಕಾಣುವ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಕಲ್ಲುಮರಳು ಕಳೆದು ಹಿಡಿಯುವ ನೀರು ಐವತ್ತು ಲೀಟರಿಗಿಂತ ಹೆಚ್ಚಿಲ್ಲ. ಅದಕ್ಕೆ 30ರಿಂದ 50 ಗ್ರಾಂ ಸಾಕು. ಬಹಳ ಹಳದಿಯಾದ ನೀರನ್ನು ಒಂದೇ ದಿನದಲ್ಲಿ ತಿಳಿಯಾಗಿಸುವ ಅವಸರ ಬೇಡ. ಬಣ್ಣ ಹೋದಾಗ ಬೆಳಕು ಒಮ್ಮೆಲೇ ಆಳಕ್ಕಿಳಿಯುತ್ತದೆ. ಗಿಡಗಳಿರುವ ತೊಟ್ಟಿಯಲ್ಲಿ ಪಾಚಿಗೆ ಅದೇ ಅವಕಾಶ. ಹವಳಗಳಿರುವ ತೊಟ್ಟಿಯಲ್ಲಿ ಹವಳಕ್ಕೆ ಆಘಾತ.

ಇಂಗಾಲ ಎಷ್ಟು ದಿನ ಬಾಳುತ್ತದೆ ಎಂಬುದು ನೀರಿನಲ್ಲಿರುವ ಸಾವಯವ ಅಂಶದ ಮೇಲೆ ನಿಂತಿದೆ. ಸಾಮಾನ್ಯ ತೊಟ್ಟಿಯಲ್ಲಿ ಎರಡರಿಂದ ನಾಲ್ಕು ವಾರ. ಹೊಸ ಮರದ ಬೇರು ಇಟ್ಟ ತೊಟ್ಟಿಯಲ್ಲಿ ಇನ್ನೂ ಬೇಗ ಮುಗಿಯುತ್ತದೆ. ನೋಡಲು ಹಳೆಯದೂ ಹೊಸದೂ ಒಂದೇ ತರಹ ಕರ್ರಗಿರುವುದರಿಂದ ಪರೀಕ್ಷೆ ಮಾಡಿಯೇ ತಿಳಿಯಬೇಕು. ಎರಡು ಲೋಟ ನೀರಿಗೆ ಒಂದೊಂದು ಹನಿ ಮೆಥಿಲೀನ್ ಬ್ಲೂ ಬಿಟ್ಟು, ಒಂದಕ್ಕೆ ಒಂದು ಚಮಚ ಹಳೆಯ ಹರಳು, ಇನ್ನೊಂದಕ್ಕೆ ಅಷ್ಟೇ ಹೊಸ ಹರಳು ಹಾಕಿ ಆಗಾಗ ಕಲಕುತ್ತಿದ್ದರೆ ಕೆಲವು ಗಂಟೆಗಳಲ್ಲಿ ಉತ್ತರ ಸಿಗುತ್ತದೆ.

ತುಂಬಿದ ಇಂಗಾಲ ತಾನು ಹಿಡಿದದ್ದನ್ನೆಲ್ಲ ಒಂದು ದಿನ ನೀರಿಗೆ ಕಕ್ಕುತ್ತದೆ ಎಂಬ ಭಯ ಹವ್ಯಾಸಿಗಳಲ್ಲಿ ಬಲವಾಗಿದೆ. ಅಂಥ ಸ್ಫೋಟ ನಡೆಯುವುದಿಲ್ಲ. ಅಂಟಿದ ವಸ್ತುವಿಗೂ ಕರಗಿದ ವಸ್ತುವಿಗೂ ನಡುವೆ ಒಂದು ಸಮತೋಲ ಇರುತ್ತದೆ. ಬಲವಾಗಿ ಅಂಟುವ ಅಣು ಬಂದಾಗ ದುರ್ಬಲವಾದದ್ದು ಜಾಗ ಬಿಡಬಹುದು, ಅಷ್ಟು ಮಾತ್ರ. ಹಳೆಯ ಇಂಗಾಲದ ನಿಜವಾದ ಗತಿ ಬೇರೆಯೇ. ಅದರ ಮೇಲೆ ನೈಟ್ರೀಕರಣದ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡು, ಅದು ಇಂಗಾಲವಾಗಿ ಸತ್ತು ಜೈವಿಕ ಫಿಲ್ಟರ್ ಆಗಿ ಬದುಕುತ್ತದೆ. ತಿಂಗಳಿಗೊಂದು ಕಾರ್ಟ್ರಿಜ್ ಬದಲಿಸಿ ಎಂದು ಹೇಳುವ ಫಿಲ್ಟರುಗಳ ದೋಷ ಇಲ್ಲಿದೆ. ಸ್ಪಂಜೂ ಇಂಗಾಲವೂ ಒಂದೇ ಚೌಕಟ್ಟಿನಲ್ಲಿರುವುದರಿಂದ ಇಂಗಾಲ ಮುಗಿದಾಗ ಬ್ಯಾಕ್ಟೀರಿಯಾಗಳನ್ನೂ ಕಸದ ಬುಟ್ಟಿಗೆ ಎಸೆದಂತಾಗಿ, ನಾಲ್ಕಾರು ದಿನಗಳಲ್ಲಿ ಅಮೋನಿಯ ತಲೆಯೆತ್ತುತ್ತದೆ. ಆ ಸಲಹೆಯಲ್ಲಿ ಮೀನಿನ ಹಿತಕ್ಕಿಂತ ಕಾರ್ಟ್ರಿಜ್ ಮಾರಾಟದ ಹಿತವೇ ಹೆಚ್ಚು. ಇಂಗಾಲವನ್ನು ಬೇರೆ ಚೀಲದಲ್ಲಿಟ್ಟರೆ ಈ ತಾಪತ್ರಯ ಇಲ್ಲ.

ಬಳಸಿದ ಇಂಗಾಲವನ್ನು ಕುದಿಸಿ, ಬಿಸಿಲಿಗೆ ಒಣಹಾಕಿ, ಓವನ್‌ನಲ್ಲಿ ಬಿಸಿ ಮಾಡಿ ಮತ್ತೆ ಬಳಸುವವರಿದ್ದಾರೆ. ಉಪಯೋಗವಿಲ್ಲ. ಕಾರ್ಖಾನೆಗಳು ಹಳೆಯ ಇಂಗಾಲಕ್ಕೆ ಜೀವ ಕೊಡುವುದು ಮತ್ತೆ 800 ಡಿಗ್ರಿ ಆಸುಪಾಸಿನ ಶಾಖದಲ್ಲಿ. ಮನೆಯ ಒಲೆಯಲ್ಲಿ ಆಗುವ ಕೆಲಸವಲ್ಲ ಅದು. ಕುದಿಸಿದ್ದರಿಂದ ಅದರ ಮೇಲಿದ್ದ ಉಪಯುಕ್ತ ಬ್ಯಾಕ್ಟೀರಿಯಾ ಸತ್ತದ್ದಷ್ಟೇ ಲಾಭ.

ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು

ಔಷಧಿ ಹಾಕುವಾಗ ಇಂಗಾಲ ಫಿಲ್ಟರಿನಲ್ಲಿ ಇರಬಾರದು. ಮೈಮೇಲೆ ಬಿಳಿ ಚುಕ್ಕೆ ಬರುವ ಇಕ್ ರೋಗಕ್ಕೆ, ಬೂಸ್ಟಿನಂಥ ಶಿಲೀಂಧ್ರಕ್ಕೆ ಕೊಡುವ ಮ್ಯಾಲಕೈಟ್ ಗ್ರೀನ್, ಮೆಥಿಲೀನ್ ಬ್ಲೂ, ಹಲವು ಆ್ಯಂಟಿಬಯಾಟಿಕ್‌ಗಳು ಇವೆಲ್ಲ ಉಂಗುರ ರಚನೆಯ ದೊಡ್ಡ ಅಣುಗಳು, ಅಂದರೆ ಇಂಗಾಲಕ್ಕೆ ಅಚ್ಚುಮೆಚ್ಚಿನವು. ಬೆಳಗ್ಗೆ ನೀಲಿಯಾಗಿದ್ದ ನೀರು ಸಂಜೆಯ ಹೊತ್ತಿಗೆ ತಿಳಿಯಾಗಿದ್ದರೆ ಔಷಧಿ ಮೀನಿಗೆ ಸೇರಲಿಲ್ಲ, ಹರಳಿಗೆ ಸೇರಿತು ಎಂದು ತಿಳಿಯಬೇಕು. ಚಿಕಿತ್ಸೆ ಮುಗಿದ ಮೇಲೆ ಉಳಿದ ಔಷಧಿಯನ್ನು ತೆಗೆಯಲು ಹೊಸ ಇಂಗಾಲದಷ್ಟು ಅನುಕೂಲವಾದದ್ದು ಬೇರೆ ಇಲ್ಲ; ಒಂದೆರಡು ದಿನ ಸಾಕು. ಕಲ್ಲುಪ್ಪು ಮಾತ್ರ ಹೀಗೆ ಹೋಗುವುದಿಲ್ಲ, ನೀರು ಬದಲಿಸಿಯೇ ಕಡಿಮೆ ಮಾಡಬೇಕು. ಫಾರ್ಮಲಿನ್ ಕೂಡ ಇಂಗಾಲಕ್ಕೆ ಸರಿಯಾಗಿ ಸಿಕ್ಕುವುದಿಲ್ಲ; ಅದರ ಅಣು ಬಹಳ ಸಣ್ಣದು, ನೀರಿನೊಂದಿಗೆ ಬಲು ಸಲಿಗೆ.

ಬೆಟ್ಟಾ ಅಂದರೆ ಫೈಟರ್ ಮೀನು ಸಾಕುವವರು ಕಾಡುಬಾದಾಮಿಯ ಒಣ ಎಲೆಯನ್ನು ನೀರಿಗೆ ಹಾಕುತ್ತಾರೆ. ರಸ್ತೆ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ ಛತ್ರಿಯಂತೆ ಹರಡಿಕೊಳ್ಳುವ ಅದೇ ಮರದ ಎಲೆ. ಅದರಿಂದ ಇಳಿಯುವ ಟ್ಯಾನಿನ್ ನೀರನ್ನು ಚಹಾದ ಬಣ್ಣಕ್ಕೆ ತರುತ್ತದೆ, ಕೊಂಚ ಆಮ್ಲೀಯಗೊಳಿಸುತ್ತದೆ; ಬೆಟ್ಟಾದ ಮೂಲ ನೆಲೆಯಾದ ಆಗ್ನೇಯ ಏಷ್ಯಾದ ಕಂದು ನೀರಿಗೆ ಹತ್ತಿರವಾಗುತ್ತದೆ. ಒಂದು ಕೈಯಲ್ಲಿ ಎಲೆ ಹಾಕಿ ಇನ್ನೊಂದು ಕೈಯಲ್ಲಿ ಇಂಗಾಲ ಇಡುವುದರಲ್ಲಿ ಅರ್ಥವಿಲ್ಲ. ಗಿಡ ಬೆಳೆಸುವ ತೊಟ್ಟಿಗಳಲ್ಲಿ ಸಂಗತಿ ಇಷ್ಟು ಖಚಿತವಲ್ಲ. ದ್ರವಗೊಬ್ಬರದ ಕಬ್ಬಿಣ ಮುಂತಾದವು ಸಾವಯವ ಅಣುಗಳ ಜೊತೆ ಕಟ್ಟಿಕೊಂಡಿರುತ್ತವೆ, ಅವುಗಳಲ್ಲಿ ಸ್ವಲ್ಪ ಇಂಗಾಲದ ಪಾಲಾಗಬಹುದು. ಗಿಡ ಸೊಂಪಾಗಿದ್ದರೆ ಚಿಂತಿಸಬೇಕಿಲ್ಲ. ಹೊಸ ಎಲೆ ಬಿಳಿಚಿಕೊಂಡರೆ ಒಮ್ಮೆ ಇಂಗಾಲ ತೆಗೆದು ನೋಡುವುದು ಸರಿ.

ಇಂಗಾಲದ ಅತ್ಯಂತ ಬೆಲೆಯುಳ್ಳ ಉಪಯೋಗ ಆಪತ್ತಿನದು. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ದ್ರವ, ಜಿರಲೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿರುವುದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕಗಳು. ಮನುಷ್ಯರಿಗೆ ಹೆಚ್ಚು ಬಾಧಿಸದ ಇವು ಮೀನಿಗೂ ಸಿಗಡಿಗೂ ಘೋರ ವಿಷ. ತೊಟ್ಟಿಯ ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ನುಗ್ಗಿಸುವುದರಿಂದ ಅಪಾಯ ಇನ್ನೂ ಹತ್ತಿರ. ಗೋಡೆಗೆ ಪೇಂಟ್ ಹೊಡೆಸುವಾಗ ಏಳುವ ಆವಿಯೂ ಇದೇ ದಾರಿಯಲ್ಲಿ ಬರುತ್ತದೆ. ಈ ವಸ್ತುಗಳು ನೀರನ್ನು ಒಲ್ಲದವು, ಆದ್ದರಿಂದ ಇಂಗಾಲಕ್ಕೆ ಬೇಗ ಅಂಟುತ್ತವೆ. ತೊಟ್ಟಿಯನ್ನು ಮುಚ್ಚಿ, ಪಂಪು ನಿಲ್ಲಿಸಿ ಅಥವಾ ಬೇರೆ ಕೋಣೆಯಿಂದ ಗಾಳಿ ಬರುವಂತೆ ಮಾಡಿ, ನೀರು ಬದಲಿಸಿ, ಹೊಸ ಇಂಗಾಲ ಧಾರಾಳವಾಗಿ ಇಟ್ಟರೆ ಮೀನು ಉಳಿಯುವ ಸಾಧ್ಯತೆ ಹೆಚ್ಚು. ದಿನವೂ ಇಂಗಾಲ ಬಳಸದವರು ಕೂಡ ಒಂದು ಡಬ್ಬಿ ಮನೆಯಲ್ಲಿಟ್ಟಿರಬೇಕಾದದ್ದು ಇದಕ್ಕಾಗಿ. ಆ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು. ಇಂಗಾಲ ಗಾಳಿಯಲ್ಲಿನ ಆವಿಗಳನ್ನೂ ಹಿಡಿಯುತ್ತದೆ; ಫಿನೈಲ್ ಬಾಟಲಿಯ ಪಕ್ಕದಲ್ಲಿ ಬಾಯಿ ತೆರೆದು ಕೂತಿದ್ದ ಪೊಟ್ಟಣ ಬಳಸುವ ಮೊದಲೇ ಅರ್ಧ ಮುಗಿದಿರುತ್ತದೆ.

ಉಪ್ಪುನೀರಿನ ಹವಳದ ತೊಟ್ಟಿಗಳಲ್ಲಿ ಇಂಗಾಲ ಹೆಚ್ಚುಕಡಿಮೆ ಕಾಯಂ ಸದಸ್ಯ. ಮೆದು ಹವಳಗಳು ಅಕ್ಕಪಕ್ಕದ ಹವಳಗಳನ್ನು ದೂರವಿಡಲು ಟರ್ಪೀನ್ ಜಾತಿಯ ವಿಷಗಳನ್ನು ನೀರಿಗೆ ಬಿಡುತ್ತವೆ. ಸಮುದ್ರದಲ್ಲಿ ಅಲೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಹಾಗಾಗದು, ಅಲ್ಲಿ ಅವುಗಳನ್ನು ಹಿಡಿಯುವುದು ಇಂಗಾಲ. ಆದರೆ ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸರ್ಜನ್ ಮೀನುಗಳ ತಲೆ ಮತ್ತು ಪಕ್ಕೆಯ ಗೆರೆಯುದ್ದಕ್ಕೂ ಚರ್ಮ ಸವೆದು ಗುಂಡಿ ಬೀಳುವ ರೋಗವೊಂದಿದೆ. ಅಮೆರಿಕದ ಟೊಲಿಡೊ ಮೃಗಾಲಯದ ಅಕ್ವೇರಿಯಂ ತಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ರೋಗಕ್ಕೂ ಲಿಗ್ನೈಟ್ ಇಂಗಾಲದ ಬಳಕೆಗೂ ಸಂಬಂಧ ತೋರಿಸಿತು. ಸುಲಭವಾಗಿ ಪುಡಿಯಾಗುವ ಮೆದು ಇಂಗಾಲದ ದೂಳಿನ ಮೇಲೆ ಗುಮಾನಿ ಹೆಚ್ಚು. ಗಟ್ಟಿ ಹರಳು ಆರಿಸುವುದು, ತೊಳೆದು ಬಳಸುವುದು ಕೇವಲ ನೀರು ಕಪ್ಪಾಗದಿರಲಿ ಎಂಬ ಕಾರಣಕ್ಕಲ್ಲ ಎಂದು ಇದರಿಂದ ತೋರುತ್ತದೆ.

ಕೊಳ್ಳುವಾಗ

ಒಳ್ಳೆಯ ಇಂಗಾಲಕ್ಕೆ ಹೊಳಪಿರುವುದಿಲ್ಲ, ಮಂಕು ಕಪ್ಪು. ಕೈಯಲ್ಲಿ ಹಿಸುಕಿದರೆ ಪುಡಿಯಾಗಬಾರದು. ನೀರಿಗೆ ಹಾಕಿದೊಡನೆ ಸಣ್ಣಗೆ ಸುಯ್ಯೆಂದು ಗುಳ್ಳೆ ಬಿಡಬೇಕು. ಗುಳ್ಳೆಯೇ ಬಿಡದ, ಮಿರಮಿರ ಮಿಂಚುವ ದಪ್ಪ ಚೂರುಗಳು ಬಹುಪಾಲು ಬರಿಯ ಇದ್ದಿಲು ಅಥವಾ ಕಲ್ಲಿದ್ದಲು. ಹರಳಿನ ಗಾತ್ರ ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಅನುಕೂಲ. ಕಡ್ಡಿಯಂತೆ ಒತ್ತಿ ಮಾಡಿದ ತುಂಡುಗಳೂ ಸಿಗುತ್ತವೆ. ಅವುಗಳ ನಡುವೆ ನೀರು ಸಲೀಸಾಗಿ ಹರಿಯುತ್ತದೆ, ಆದರೆ ಒಳಭಾಗಕ್ಕೆ ವಸ್ತು ತಲುಪುವುದು ನಿಧಾನ. ಕೈಗಾರಿಕೆಗೆ ಮಾರುವ ಇಂಗಾಲದ ಚೀಲದ ಮೇಲೆ ಅಯೋಡಿನ್ ಸಂಖ್ಯೆ ಬರೆದಿರುತ್ತದೆ, ಒಂದು ಗ್ರಾಂ ಇಂಗಾಲ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಎಂಬುದರ ಅಳತೆ ಅದು. ಒಳ್ಳೆಯ ಕರಟದ ಇಂಗಾಲಕ್ಕೆ ಇದು 900ರಿಂದ 1100ರ ಸುಮಾರಿಗೆ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಸೂಕ್ಷ್ಮರಂಧ್ರ ಹೆಚ್ಚು ಎಂದರ್ಥವೇ ಹೊರತು ಹಳದಿ ಬಣ್ಣ ಹೆಚ್ಚು ತೆಗೆಯುತ್ತದೆ ಎಂದಲ್ಲ.

ಬೂದಿ ಹೆಚ್ಚಿರುವ ಇಂಗಾಲ ನೀರಿನ ಪಿಎಚ್ ಏರಿಸುತ್ತದೆ. ಕೆಲವು ಬಗೆಯ ಇಂಗಾಲ ಫಾಸ್ಫೇಟ್ ಬಿಡುತ್ತದೆ, ಅದು ಪಾಚಿಗೆ ಗೊಬ್ಬರ. ಆಮ್ಲದಲ್ಲಿ ತೊಳೆದ ಇಂಗಾಲದಲ್ಲಿ ಬೂದಿ ಕಡಿಮೆ. ಫಾಸ್ಫಾರಿಕ್ ಆಮ್ಲವನ್ನೇ ಬಳಸಿ ತಯಾರಿಸಿದ್ದರೆ ಫಾಸ್ಫೇಟ್ ಉಳಿದಿರುವ ಸಾಧ್ಯತೆಯೂ ಇದೆ. ಒಂದು ಹಿಡಿ ಹರಳನ್ನು ಆರ್‌ಒ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಆ ನೀರಿನ ಪಿಎಚ್ ಮತ್ತು ಫಾಸ್ಫೇಟನ್ನು ಅಕ್ವೇರಿಯಂ ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ಎರಡೂ ಗೊತ್ತಾಗುತ್ತವೆ.

ಬಳಸಿ ಮುಗಿದ ಹರಳನ್ನು ಹೂಕುಂಡದ ಮಣ್ಣಿಗೆ ಬೆರೆಸಬಹುದು. ನೀರು ಬಸಿಯಲು ಅನುಕೂಲವಾಗುತ್ತದೆ, ಅದರ ಮೇಲಿನ ಕೊಳೆ ಗಿಡಕ್ಕೆ ಗೊಬ್ಬರವೇ. ಔಷಧಿಯನ್ನೋ ಕೀಟನಾಶಕವನ್ನೋ ತೆಗೆಯಲು ಬಳಸಿದ್ದಾದರೆ ಹಾಗೆ ಮಾಡಬಾರದು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸದೊಂದಿಗೆ ಕೊಡಬೇಕು, ಕೆರೆಗೋ ಚರಂಡಿಗೋ ಸುರಿಯಬಾರದು.